ಲಿಂಗನಾಶ, ಪೊರೆ, ಮೋತಿಬಿಂದು: ಕಣ್ಣಿನ ಒಂದು ಶಸ್ತ್ರಕ್ರಿಯೆಯ ಚರಿತ್ರೆ

ಸುಶ್ರುತಸಂಹಿತೆಯ ಉತ್ತರತಂತ್ರವನ್ನು ಮೊದಲ ಸಲ ತೆರೆದು ನೋಡುವ ಶಿವಭಕ್ತನನ್ನು ಒಂದು ಶಬ್ದವು ಥಟ್ಟನೆ ತಡೆದು ನಿಲ್ಲಿಸುತ್ತದೆ. ಕಣ್ಣಿನ ರೋಗಗಳನ್ನು ಒಂದೊಂದಾಗಿ ವಿಂಗಡಿಸುತ್ತ ಬರುವ ಆ ಆಚಾರ್ಯನು, ನೋಟವನ್ನು ಮಸುಕುಗೊಳಿಸುವ ರೋಗಕ್ಕೆ ‘ತಿಮಿರ’ವೆಂಬ ಹೆಸರನ್ನಿತ್ತು, ಅದು ಕಣ್ಣಿನ ನಾಲ್ಕನೆಯ ಪಟಲವನ್ನು ಮುಟ್ಟಿ ದೃಷ್ಟಿಯನ್ನು ಎಲ್ಲ ಕಡೆಯಿಂದಲೂ ಮುಚ್ಚಿದಾಗ ‘ಲಿಂಗನಾಶ’ವಾಯಿತೆನ್ನುತ್ತಾನೆ. ಅಂಗದ ಮೇಲೆ ಲಿಂಗವನ್ನು ಧರಿಸಿದವರಿಗೆ ಈ ಪದವು ಕಿವಿಗೆ ಕಠೋರವಾಗಿ ಕೇಳಿಸುವುದು ಸಹಜ. ಆದರೆ ಇಲ್ಲಿ ಲಿಂಗವೆಂದರೆ ಗುರುತು, ಚಿಹ್ನೆ ಎಂದಷ್ಟೇ ಅರ್ಥ. ಕಣ್ಣನ್ನು ಕಣ್ಣೆಂದು ತಿಳಿಸುವ ಲಕ್ಷಣವಾದ ನೋಡುವ ಶಕ್ತಿಯು ನಷ್ಟವಾಯಿತೆಂದು ತಾತ್ಪರ್ಯ. ಷಟ್‌ಸ್ಥಲಶಾಸ್ತ್ರದಲ್ಲಿ ನೇತ್ರೇಂದ್ರಿಯಕ್ಕೆ ಶಿವಲಿಂಗವನ್ನು ಹೇಳಿರುವುದನ್ನು ಬಲ್ಲ ಅಭ್ಯಾಸಿಗಳು ಈ ಎರಡನ್ನೂ ಗಂಟುಹಾಕಿ ಗೂಢಾರ್ಥವೊಂದನ್ನು ಹೊಸೆಯಲು ಹೊರಡಬಾರದು. ವೈದ್ಯನ ಪರಿಭಾಷೆ ವೈದ್ಯನದು, ಶರಣರ ಪರಿಭಾಷೆ ಶರಣರದು.

ಈ ರೋಗಕ್ಕಿರುವ ಹೆಸರುಗಳನ್ನು ಸಾಲಾಗಿಟ್ಟು ನೋಡಿದರೆ ಅದರ ಚರಿತ್ರೆಯ ಅರ್ಧಭಾಗ ಅಲ್ಲಿಯೇ ದೊರೆಯುತ್ತದೆ. ‘ಲಿಂಗನಾಶ’ವು ಏನು ಹೋಯಿತೆಂಬುದನ್ನು ಹೇಳುತ್ತದೆ. ನಮ್ಮ ಕನ್ನಡದ ‘ಪೊರೆ’ಯು ಏನು ಬಂದಿತೆಂಬುದನ್ನು ಹೇಳುತ್ತದೆ; ಹಾವಿನ ಮೈಮೇಲಿನ ಪೊರೆಯಂತೆ ತೆಳುವಾದದ್ದೊಂದು ಕಣ್ಣನ್ನು ಕವಿದಿದೆಯೆಂಬ ಕಲ್ಪನೆ ಆ ಮಾತಿನೊಳಗೇ ಇದೆ. ಉತ್ತರ ಕರ್ನಾಟಕದ ‘ಮೋತಿಬಿಂದು’ವು ಪಾಪೆಯ ನಡುವೆ ಮುತ್ತಿನಂತೆ ಬೆಳ್ಳಗೆ ಕಾಣುವ ಬಣ್ಣವನ್ನು ಹಿಡಿದುಕೊಂಡಿತು. ಅರಬ್ಬೀ ವೈದ್ಯರು ತಲೆಯಿಂದ ಕಣ್ಣಿಗೆ ನೀರು ಇಳಿದು ಹೆಪ್ಪುಗಟ್ಟುವುದೆಂದು ಭಾವಿಸಿ ‘ನೀರಿಳಿಯುವಿಕೆ’ ಎಂದರು. ೧೧ನೆಯ ಶತಮಾನದಲ್ಲಿ ಆ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ ಕಾನ್‌ಸ್ಟಾಂಟಿನಸ್ ಆಫ್ರಿಕಾನಸನು ಅದನ್ನು ಜಲಪಾತವೆಂಬ ಅರ್ಥದ ಶಬ್ದದಿಂದ ಕರೆದುದರಿಂದ ಇಂದಿನ ‘ಕ್ಯಾಟರಾಕ್ಟ್’ ಹುಟ್ಟಿತು. ಪೊರೆಯಾಗಲಿ ನೀರಾಗಲಿ, ಎಲ್ಲರೂ ಒಂದು ವಿಷಯದಲ್ಲಿ ಒಮ್ಮತದವರಾಗಿದ್ದರು: ಕಣ್ಣು ಸರಿಯಾಗಿಯೇ ಇದೆ, ಪರಕೀಯ ವಸ್ತುವೊಂದು ನಡುವೆ ಬಂದು ನಿಂತಿದೆ. ಈ ನಂಬಿಕೆ ತಪ್ಪೆಂದು ಸಿದ್ಧವಾಗಲು ೧೮ನೆಯ ಶತಮಾನವೇ ಬರಬೇಕಾಯಿತು.

ಸುಶ್ರುತನ ವಿವರಣೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ. ಲಿಂಗನಾಶವು ತೀರ ಆಳಕ್ಕೆ ಹೋಗದಿದ್ದರೆ ರೋಗಿಯು ಸೂರ್ಯಚಂದ್ರರನ್ನೂ ಮಿಂಚನ್ನೂ ಹೊಳೆಯುವ ಇತರ ವಸ್ತುಗಳನ್ನೂ ಕಾಣಬಲ್ಲನೆಂದು ಆತನು ಹೇಳುತ್ತಾನೆ. ಇದು ಕಣ್ಣಾರೆ ಕಂಡು ಬರೆದ ಮಾತು. ಇಂದಿಗೂ ಕಣ್ಣಿನ ವೈದ್ಯರು ಬಲಿತ ಪೊರೆಯವನ ಮುಂದೆ ದೀಪ ಹಿಡಿದು, ಬೆಳಕು ಯಾವ ಕಡೆಯಿಂದ ಬರುತ್ತಿದೆಯೆಂದು ಕೇಳುತ್ತಾರೆ; ಉತ್ತರ ಸರಿಯಾದರೆ ಒಳಗಿನ ಅಕ್ಷಿಪಟಲಕ್ಕೆ ಜೀವವಿದೆ, ಶಸ್ತ್ರಕ್ರಿಯೆಯಿಂದ ಪ್ರಯೋಜನವುಂಟೆಂದು ತಿಳಿಯುತ್ತದೆ.

ಕಫದಿಂದುಂಟಾದ ಲಿಂಗನಾಶಕ್ಕೆ ಮಾತ್ರ ಆತನು ಶಸ್ತ್ರವನ್ನು ವಿಧಿಸುತ್ತಾನೆ. ಹೆಚ್ಚು ಸೆಕೆಯೂ ಹೆಚ್ಚು ಚಳಿಯೂ ಇಲ್ಲದ ಕಾಲದಲ್ಲಿ ರೋಗಿಗೆ ಸ್ನೇಹ ಸ್ವೇದನಗಳನ್ನು ಮಾಡಿಸಿ, ಕುಳ್ಳಿರಿಸಿ, ತನ್ನ ಮೂಗಿನ ತುದಿಯನ್ನೇ ನೋಡುತ್ತಿರುವಂತೆ ಹೇಳಬೇಕು. ಜವೆಯ ಕಾಳಿನಂಥ ತುದಿಯುಳ್ಳ ಶಲಾಕೆಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಂದ ಹಿಡಿದು, ಕಣ್ಣಿನ ಬಿಳಿಯ ಭಾಗದಲ್ಲಿ ಹೊರಗಡೆಯ ಮೂಲೆಯ ಕಡೆಯಿಂದ ರಕ್ತನಾಳಗಳನ್ನು ತಪ್ಪಿಸಿ ಚುಚ್ಚಬೇಕು. ಎಡಗಣ್ಣಿಗೆ ಬಲಗೈ, ಬಲಗಣ್ಣಿಗೆ ಎಡಗೈ. ಸರಿಯಾಗಿ ಚುಚ್ಚಿದುದಕ್ಕೆ ಒಂದು ಸಣ್ಣ ಶಬ್ದವೂ ಒಂದು ಹನಿ ನೀರೂ ಗುರುತು. ಆ ಮೇಲೆ ಶಲಾಕೆಯ ತುದಿಯಿಂದ ದೃಷ್ಟಿಮಂಡಲವನ್ನು ಕೆರೆದು, ಎದುರುಬದಿಯ ಮೂಗಿನ ಹೊಳ್ಳೆಯನ್ನು ಮುಚ್ಚಿಸಿ ರೋಗಿಯಿಂದ ಬಲವಾಗಿ ಸೀಂಟಿಸಿ ಕಫವನ್ನು ಹೊರಡಿಸಬೇಕು. ಮೋಡ ಸರಿದ ಸೂರ್ಯನಂತೆ ದೃಷ್ಟಿ ಬೆಳಗಿ ರೂಪಗಳು ಕಾಣತೊಡಗಿದಾಗ ಶಲಾಕೆಯನ್ನು ಮೆಲ್ಲಗೆ ಹಿಂತೆಗೆದು, ತುಪ್ಪದಲ್ಲಿ ನೆನೆದ ಬಟ್ಟೆಯನ್ನು ಕಟ್ಟಿ ಅಂಗಾತ ಮಲಗಿಸಬೇಕು. ತೇಗು, ಕೆಮ್ಮು, ಸೀನು, ಉಗುಳುವುದು ಯಾವುದೂ ಕೂಡದು. ಹತ್ತು ದಿನಗಳ ಈ ಪಥ್ಯವನ್ನು ಓದುವಾಗ, ೧೯೭೦ರ ದಶಕದಲ್ಲಿ ಕಣ್ಣಿನ ಶಿಬಿರದಿಂದ ಮನೆಗೆ ಬಂದ ಹಿರಿಯರನ್ನು ಸೀನದಂತೆ ಕಾಯುತ್ತಿದ್ದ ಹೆಂಗಸರ ನೆನಪು ನನ್ನ ವಯಸ್ಸಿನವರಿಗೆ ಆಗದಿರದು.

ಸುಶ್ರುತನು ಇಂದಿನ ಪೊರೆಯ ಶಸ್ತ್ರಕ್ರಿಯೆಯನ್ನೇ ಮಾಡುತ್ತಿದ್ದನೆಂದು ವೇದಿಕೆಗಳ ಮೇಲೆ ಹೇಳುವವರುಂಟು. ಆ ಮಾತನ್ನು ಒಪ್ಪುವುದು ಕಷ್ಟ. ಗ್ರಂಥದ ಮಾತನ್ನು ಇದ್ದಂತೆ ಓದಿದರೆ ಆತನ ಗುರಿ ಕಣ್ಣಿನ ಮಸೂರವಲ್ಲ, ದೃಷ್ಟಿಯನ್ನು ಕವಿದ ಕಫ. ನಿಜವಾಗಿ ಆಗುತ್ತಿದ್ದುದಾದರೂ ಬಹುಮಟ್ಟಿಗೆ ಇಷ್ಟೆ: ಮಬ್ಬಾದ ಮಸೂರವು ಶಲಾಕೆಯ ತಳ್ಳುವಿಕೆಯಿಂದ ತನ್ನ ಕಟ್ಟುಗಳನ್ನು ಹರಿದುಕೊಂಡು ಕಣ್ಣಿನ ಹಿಂಭಾಗದ ರಸದಲ್ಲಿ ಕೆಳಕ್ಕೆ ಬೀಳುತ್ತಿತ್ತು, ದಾರಿ ತೆರೆದುದರಿಂದ ಬೆಳಕು ಒಳಹೋಗುತ್ತಿತ್ತು. ಉತ್ತರತಂತ್ರವೇ ಸಂಹಿತೆಗೆ ಅನಂತರ ಸೇರಿದ ಭಾಗವೆಂದು ಹಲವು ವಿದ್ವಾಂಸರ ಮತ. ಇದರಿಂದ ಆ ಗ್ರಂಥದ ಹಿರಿಮೆಗೇನೂ ಕುಂದಿಲ್ಲ. ಕೈಯ ಹಿಡಿತ, ಚುಚ್ಚುವ ಸ್ಥಳ, ಆಮೇಲಿನ ಆರೈಕೆ ಇವುಗಳನ್ನು ಇಷ್ಟು ಖಚಿತವಾಗಿ ಬರೆದಿಟ್ಟುದೇ ದೊಡ್ಡದು. ಇಲ್ಲದ ಕೀರ್ತಿಯನ್ನು ತಂದು ಹೊರಿಸಿದರೆ ಇರುವ ಕೀರ್ತಿಯೂ ಶಂಕೆಗೆ ಒಳಗಾಗುತ್ತದೆ.

ಈ ಸೂಜಿಯ ವಿದ್ಯೆ ಬಹಳ ದೂರ ಸಂಚರಿಸಿತು. ಕ್ರಿ.ಶ. ಮೊದಲನೆಯ ಶತಮಾನದ ರೋಮಿನ ಸೆಲ್ಸಸನ ಗ್ರಂಥದಲ್ಲಿ ಇದರ ವರ್ಣನೆಯಿದೆ. ಚೀನಾಕ್ಕೆ ಇದು ಭಾರತದಿಂದಲೇ ಹೋಯಿತು. ಟಾಂಗ್ ಅರಸರ ಕಾಲದ ಕವಿ ಲಿಯು ಯೂಶಿಯು ತನ್ನ ಮಬ್ಬುಗಣ್ಣಿನ ಸಂಕಟವನ್ನು ಹೇಳಿಕೊಂಡು ಬ್ರಾಹ್ಮಣ ನೇತ್ರವೈದ್ಯನೊಬ್ಬನನ್ನು ಉದ್ದೇಶಿಸಿ ಕವಿತೆಯನ್ನೇ ಬರೆದಿದ್ದಾನೆ. ಸುಮಾರು ೧೦೦೦ದ ವೇಳೆಗೆ ಕೈರೋದಲ್ಲಿದ್ದ ಅಮ್ಮಾರ್ ಇಬ್ನ್ ಅಲಿಯು ಟೊಳ್ಳು ಸೂಜಿಯಿಂದ ಮೆತ್ತಗಿನ ಪೊರೆಯನ್ನು ಹೀರಿ ತೆಗೆಯುವ ಪ್ರಯೋಗವನ್ನು ನಡೆಸಿದನು.

ಆದರೆ ವಿದ್ಯೆಯು ಗ್ರಂಥದಿಂದ ಜಾರಿ ಸಂತೆಗೆ ಬಿದ್ದಾಗ ಏನಾಗುವುದೆಂಬುದಕ್ಕೂ ಇದೇ ನಿದರ್ಶನ. ಊರೂರು ಅಲೆಯುವ ಸೂಜಿಯವರು ನಮ್ಮ ದೇಶದಲ್ಲಿಯೂ ಯುರೋಪಿನಲ್ಲಿಯೂ ಇದ್ದರು. ಚುಚ್ಚಿದ ಕೂಡಲೇ ರೋಗಿಗೆ ಬೆರಳುಗಳು ಕಾಣುತ್ತಿದ್ದುವು. ಹಣ ಪಡೆದು ವೈದ್ಯನು ಮುಂದಿನ ಊರಿಗೆ ಹೊರಟುಬಿಡುತ್ತಿದ್ದನು. ವಾರದೊಳಗೆ ಕಣ್ಣು ಕೀವುಗಟ್ಟುತ್ತಿತ್ತು, ಇಲ್ಲವೆ ಕೆಲವು ತಿಂಗಳಲ್ಲಿ ಒತ್ತಡವೇರಿ ಆರಿಹೋಗುತ್ತಿತ್ತು. ಜಾನ್ ಟೇಲರನೆಂಬ ಇಂಗ್ಲಿಷ್ ನೇತ್ರವೈದ್ಯನು ಕುದುರೆಗಾಡಿಯಲ್ಲಿ ಮೆರೆಯುತ್ತ ಯುರೋಪನ್ನೆಲ್ಲ ಸುತ್ತಿದನು. ೧೭೫೦ರಲ್ಲಿ ಲೈಪ್‌ಜಿಗ್ ನಗರದಲ್ಲಿ ಸಂಗೀತಗಾರ ಬಾಖ್‌ನ ಕಣ್ಣಿಗೆ ಈತನು ಎರಡು ಬಾರಿ ಸೂಜಿ ಹಾಕಿದನು. ಬಾಖ್ ಪೂರ್ತಿ ಕುರುಡನಾಗಿ ಅದೇ ಜುಲೈ ೨೮ರಂದು ತೀರಿಕೊಂಡನು. ಇನ್ನೊಬ್ಬ ಮಹಾಸಂಗೀತಗಾರ ಹ್ಯಾಂಡಲನೂ ಇವನ ಕೈಗೆ ಸಿಕ್ಕು ಪ್ರಯೋಜನ ಕಾಣಲಿಲ್ಲ. ನಮ್ಮಲ್ಲಿ, ೧೮೧೯ರಲ್ಲಿ ಸ್ಥಾಪಿತವಾದ ಮದ್ರಾಸಿನ ಸರಕಾರಿ ಕಣ್ಣಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬವರು, ಇಂಥ ಸೂಜಿಯವರ ಕೈಯಲ್ಲಿ ಹಾಳಾದ ಕಣ್ಣುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ೧೯೧೭ರಲ್ಲಿ ಆ ಬಗೆಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಪರದೇಶೀಯನ ಪೂರ್ವಗ್ರಹವೆಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ ಕುರುಡಾದವರು ನಮ್ಮವರೇ ತಾನೆ? ಇದಕ್ಕೆ ಪ್ರತಿಯಾದ ಒಂದು ಚಿತ್ರವೂ ಇದೆ. ತಂಜಾವೂರಿನ ಎರಡನೆಯ ಸರಫೋಜಿ ಮಹಾರಾಜನು (೧೭೭೭–೧೮೩೨) ತನ್ನ ಧನ್ವಂತರಿ ಮಹಲಿನಲ್ಲಿ ಕಣ್ಣಿನ ರೋಗಿಗಳ ಒಂದೊಂದು ವೃತ್ತಾಂತವನ್ನೂ ಬರೆಯಿಸಿ, ಕಣ್ಣುಗಳ ಬಣ್ಣದ ಚಿತ್ರಗಳನ್ನು ತೆಗೆಯಿಸಿ ಇಡಿಸಿದ್ದನು. ಸರಸ್ವತೀ ಮಹಲ್ ಗ್ರಂಥಾಲಯದ ಸಂಗ್ರಹಕ್ಕೆ ಸೇರಿದ ಆ ಹಾಳೆಗಳು ದಕ್ಷಿಣ ಭಾರತದ ವೈದ್ಯಚರಿತ್ರೆಯಲ್ಲಿ ಬೆಲೆಯುಳ್ಳ ದಾಖಲೆಗಳು.

ಪರಕೀಯ ವಸ್ತುವಿನ ಕಲ್ಪನೆ ಮುರಿದುಬಿದ್ದುದು ಫ್ರಾನ್ಸಿನಲ್ಲಿ. ೧೭೦೫ರಲ್ಲಿ ಪಿಯರ್ ಬ್ರಿಸೋ ಎಂಬ ವೈದ್ಯನು ಪೊರೆಯಿದ್ದ ಒಬ್ಬ ಸೈನಿಕನ ಶವದ ಕಣ್ಣನ್ನು ಸೀಳಿ ನೋಡಿದಾಗ ಅಲ್ಲಿ ಯಾವ ಪೊರೆಯೂ ಇರಲಿಲ್ಲ, ಮಸೂರವೇ ಮಬ್ಬಾಗಿತ್ತು. ಪ್ಯಾರಿಸ್ಸಿನ ಪಂಡಿತರು ಮೊದಲಿಗೆ ಅದನ್ನು ನಂಬಲಿಲ್ಲ. ಹೆಪ್ಪುಗಟ್ಟಿದುದು ಮಸೂರವೇ ಆದರೆ, ಅದನ್ನು ಕಣ್ಣಿನೊಳಗೇ ಕೆಡವಿಬಿಡುವುದಕ್ಕಿಂತ ಹೊರಗೆ ತೆಗೆಯುವುದು ಲೇಸಲ್ಲವೆ? ಈ ಪ್ರಶ್ನೆ ಕಾರ್ಯರೂಪಕ್ಕೆ ಬರಲು ಇನ್ನೂ ೪೦ ವರ್ಷಗಳು ಹಿಡಿದುವು. ೧೭೪೫ರಲ್ಲಿ ಜಾಕ್ ದಾವಿಯೆಲನು ಒಬ್ಬ ವಿರಕ್ತನ ಕಣ್ಣಿಗೆ ಸೂಜಿ ಹಾಕಿದಾಗ ಮಸೂರವು ಕೆಳಗಿಳಿಯಲೊಲ್ಲದೆ ಚೂರಾಯಿತು. ಆ ಚೂರುಗಳನ್ನು ತೆಗೆಯಲು ಆತನು ಕಾರ್ನಿಯಾದ ಕೆಳ ಅಂಚನ್ನು ಕೊಯ್ಯಬೇಕಾಯಿತು. ಆ ತೊಡಕಿನಿಂದ ದೊರೆತ ದಾರಿಯನ್ನೇ ೧೭೪೭ರಲ್ಲಿ ಮೊದಲೇ ಸಂಕಲ್ಪಿಸಿ ನಡೆಸಿದ ಶಸ್ತ್ರಕ್ರಿಯೆಯನ್ನಾಗಿ ಮಾಡಿ, ೧೭೫೩ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ವಿವರಿಸಿದನು. ಅರಿವಳಿಕೆಯಿಲ್ಲದ ಕಾಲ ಅದು. ಎಚ್ಚರವಾಗಿ ಕುಳಿತ ಮನುಷ್ಯನ ಕಣ್ಣನ್ನು ಕೊಯ್ಯಬೇಕು. ರೋಗಿಯ ತಲೆಯನ್ನು ಸಹಾಯಕನೊಬ್ಬ ಹಿಡಿದುಕೊಳ್ಳಬೇಕು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ತರುಣ ವೈದ್ಯನು ಕೊಕೇನಿನ ಹನಿಗಳಿಂದ ಕಣ್ಣು ಜೋಮುಹಿಡಿಯುವುದೆಂದು ಕಂಡುಹಿಡಿದನು. ಹೈಡೆಲ್‌ಬರ್ಗಿನ ಸಮ್ಮೇಳನಕ್ಕೆ ಹೋಗಲು ಅವನ ಬಳಿ ಪ್ರಯಾಣದ ಹಣವಿರಲಿಲ್ಲವಾಗಿ, ಅವನ ಲೇಖನವನ್ನು ಅಲ್ಲಿ ಬೇರೊಬ್ಬರು ಓದಬೇಕಾಯಿತು. ಕಣ್ಣು ಕೊಯ್ಯಿಸಿಕೊಳ್ಳುವ ಮನುಷ್ಯನ ಮಹಾಭಯವನ್ನು ಕಳೆದವನು ಇವನೇ.

ಹೊರತೆಗೆಯುವ ವಿಧಾನಗಳಲ್ಲಿ ಒಂದು ‘ಭಾರತೀಯ ವಿಧಾನ’ವೆಂದೇ ಲೋಕದಲ್ಲಿ ಹೆಸರಾಯಿತು. ೨೦ನೆಯ ಶತಮಾನದ ಆರಂಭದಲ್ಲಿ ಪಂಜಾಬಿನ ಜಲಂಧರದಲ್ಲಿದ್ದ ಸೇನಾವೈದ್ಯ ಹೆನ್ರಿ ಸ್ಮಿತ್, ಕಣ್ಣಿನ ಮೇಲೆ ಹೊರಗಿನಿಂದ ಹದವಾಗಿ ಒತ್ತಿ, ಮಸೂರವನ್ನು ಅದರ ಚೀಲದ ಸಮೇತವಾಗಿ ಹೊರಜಾರಿಸುತ್ತಿದ್ದನು. ಇದನ್ನು ಕಲಿಯಲು ಅಮೇರಿಕೆಯಿಂದಲೂ ವೈದ್ಯರು ಜಲಂಧರಕ್ಕೆ ಬರುತ್ತಿದ್ದರು. ಮಸೂರವನ್ನು ಚೀಲಸಮೇತ ತೆಗೆಯುವ ಪದ್ಧತಿಯೇ ಮುಂದೆ ನಮ್ಮ ದೇಶದ ಕಣ್ಣಿನ ಶಿಬಿರಗಳಿಗೆ ಆಧಾರವಾಯಿತು.

ಶಿಬಿರವೆಂದೊಡನೆ ಕನ್ನಡಿಗರಿಗೆ ನೆನಪಾಗುವ ಹೆಸರು ಡಾ. ಎಂ. ಸಿ. ಮೋದಿಯವರದು. ಬೀಳಗಿಯ ಮುರಿಗೆಪ್ಪ ಚೆನ್ನವೀರಪ್ಪ ಮೋದಿಯವರು ೧೯೪೩ರಿಂದ ಊರೂರಿಗೆ ಹೋಗಿ ಬಡವರ ಕಣ್ಣಿನ ಶಸ್ತ್ರಕ್ರಿಯೆಯನ್ನು ನಡೆಸಿದರು. ಶಾಲೆಗಳು, ಛತ್ರಗಳು, ಮಠಗಳ ಅಂಗಳಗಳು ಆಗ ನಾಲ್ಕಾರು ದಿನಗಳ ಮಟ್ಟಿಗೆ ಆಸ್ಪತ್ರೆಗಳಾಗುತ್ತಿದ್ದುವು. ೧೯೮೭ರ ಫೆಬ್ರವರಿಯವರೆಗೆ ಅವರು ನಡೆಸಿದ ಶಸ್ತ್ರಕ್ರಿಯೆಗಳ ಸಂಖ್ಯೆಯನ್ನು ಗಿನ್ನೆಸ್ ದಾಖಲೆಗಳ ಪುಸ್ತಕವು ೫,೯೫,೦೧೯ ಎಂದೂ, ಒಂದೇ ದಿನದಲ್ಲಿ ನಡೆದ ಪೊರೆಯ ಶಸ್ತ್ರಕ್ರಿಯೆಗಳನ್ನು ೮೩೩ ಎಂದೂ ನಮೂದಿಸಿತು. ಮೇಷ್ಟರ ಅಭ್ಯಾಸದಂತೆ ಲೆಕ್ಕ ಹಾಕಿದರೆ, ದಿನಕ್ಕೆ ೧೪ ಗಂಟೆ ದುಡಿದರೆಂದು ಹಿಡಿದರೂ ನಿಮಿಷಕ್ಕೊಂದು ಕಣ್ಣಾಗುತ್ತದೆ. ೧೯೫೬ರಲ್ಲಿ ಪದ್ಮಶ್ರೀ, ೧೯೬೮ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದುವು. ೨೦೦೫ರಲ್ಲಿ ಅವರು ಲಿಂಗೈಕ್ಯರಾದರು. ಅವರನ್ನು ಮುಟ್ಟಿ ನಮಸ್ಕರಿಸಲು ನೂಕುನುಗ್ಗಲಾಗುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ.

ಆದರೆ ಶಿಬಿರದಿಂದ ಮನೆಗೆ ಬಂದವರ ಕಣ್ಣಿಗೆ ಕಂಡುದೇನು? ಇದನ್ನು ಯಾರೂ ಅಷ್ಟಾಗಿ ಬರೆದಿಲ್ಲ. ಕಣ್ಣು ಬೆಳಕನ್ನು ಕೂಡಿಸುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಸೂರದ್ದು. ಅದನ್ನು ತೆಗೆದುಹಾಕಿದರೆ ಬೆಳಕು ಬರುತ್ತದೆ, ರೂಪ ಬರುವುದಿಲ್ಲ. ಆ ಕೊರತೆಯನ್ನು ತುಂಬಲು ಸುಮಾರು ೧೦ ಡಯಾಪ್ಟರಿನ ಕನ್ನಡಕ ಬೇಕು. ಸೋಡಾಬಾಟಲಿಯ ತಳದಂತಿದ್ದ ಆ ದಪ್ಪ ಗಾಜುಗಳು ನಮ್ಮ ಬಾಲ್ಯದಲ್ಲಿ ಹಳ್ಳಿಯ ಪ್ರತಿ ಕಟ್ಟೆಯ ಮೇಲೂ ಕಾಣುತ್ತಿದ್ದುವು. ಅವುಗಳ ಮೂಲಕ ನೋಡಿದರೆ ವಸ್ತುಗಳು ಕಾಲು ಪಾಲಿಗಿಂತಲೂ ಹೆಚ್ಚು ದೊಡ್ಡದಾಗಿ ಕಾಣುತ್ತವೆ. ಹತ್ತಿರವಿದ್ದಂತೆ ತೋರುವ ಲೋಟ ಕೈಗೆ ಸಿಗುವುದಿಲ್ಲ. ಮೆಟ್ಟಿಲು ಇದ್ದಲ್ಲಿ ಇಲ್ಲ. ಪಕ್ಕದಿಂದ ಬರುವ ಎತ್ತಿನ ಗಾಡಿ ಒಂದು ಕ್ಷಣ ಮಾಯವಾಗಿ ಮತ್ತೆ ತಟ್ಟನೆ ಎದುರಿಗೆ ನಿಲ್ಲುತ್ತದೆ. ಒಂದೇ ಕಣ್ಣಿಗೆ ಶಸ್ತ್ರಕ್ರಿಯೆಯಾಗಿ ಇನ್ನೊಂದು ಕಣ್ಣು ಚೆನ್ನಾಗಿದ್ದರಂತೂ ಎರಡೂ ಬಿಂಬಗಳು ಕೂಡುವುದೇ ಇಲ್ಲ. ಕನ್ನಡಕ ಒಡೆದರೆ ಮತ್ತೆ ಕತ್ತಲೆ. ಹೊಸದನ್ನು ಕೊಳ್ಳಲು ದುಡ್ಡಿಲ್ಲದೆ, ಒಡೆದ ಗಾಜಿಗೆ ಅಂಟುಪಟ್ಟಿ ಹಚ್ಚಿ ಕಾಲ ಕಳೆದ ಮುದುಕರನ್ನು ನಾನೇ ಬಲ್ಲೆ. ಶಸ್ತ್ರಕ್ರಿಯೆಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಯಶಸ್ವಿ’ ಎಂದೇ ಇರುತ್ತಿತ್ತು. ಮೋದಿಯವರಂಥ ಪುಣ್ಯಪುರುಷರ ಶ್ರಮವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಆ ದಿನಗಳಲ್ಲಿ ಬಡವನಿಗೆ ಅದಕ್ಕಿಂತ ಹೆಚ್ಚಿನದು ದೊರೆಯುವಂತಿರಲಿಲ್ಲ. ಗೋಡೆ ಹಿಡಿದು ನಡೆಯುವುದಕ್ಕೂ ಗದ್ದೆಗೆ ಹೋಗಿಬರುವುದಕ್ಕೂ ಇರುವ ಅಂತರ ಸಣ್ಣದಲ್ಲ.

ತೆಗೆದ ಜಾಗದಲ್ಲಿ ಮತ್ತೊಂದನ್ನು ಇಡಬಾರದೇಕೆ? ಈ ಪ್ರಶ್ನೆಯನ್ನು ಕೇಳಿದವನು ಒಬ್ಬ ವಿದ್ಯಾರ್ಥಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿಯವರು ಪೊರೆಯನ್ನು ತೆಗೆಯುತ್ತಿದ್ದುದನ್ನು ನೋಡುತ್ತ ನಿಂತಿದ್ದ ಆತನು, ತೆಗೆದುದಕ್ಕೆ ಬದಲಾಗಿ ಹೊಸ ಮಸೂರವನ್ನು ಇಡದಿರುವುದು ಶೋಚನೀಯವೆಂದನಂತೆ. ರಿಡ್ಲಿಯವರ ಮನಸ್ಸಿನಲ್ಲಿ ಅದಾಗಲೇ ಒಂದು ಸಂಗತಿ ಕುಳಿತಿತ್ತು. ಎರಡನೆಯ ಮಹಾಯುದ್ಧದಲ್ಲಿ ಗುಂಡು ತಗುಲಿ ವಿಮಾನದ ಗವಾಕ್ಷಿ ಚೂರಾದಾಗ, ಪರ್ಸ್‌ಪೆಕ್ಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಸಿಡಿಚೂರುಗಳು ವಿಮಾನಚಾಲಕರ ಕಣ್ಣೊಳಗೆ ಹೊಕ್ಕಿದ್ದುವು. ಸಾಮಾನ್ಯವಾಗಿ ಕಣ್ಣು ಪರವಸ್ತುವನ್ನು ಸಹಿಸದು. ಆದರೆ ಈ ಚೂರುಗಳು ವರ್ಷಗಟ್ಟಲೆ ಅಲ್ಲಿಯೇ ಉರಿಯೂತವಿಲ್ಲದೆ ಉಳಿದುವು. ಆ ವಸ್ತುವಿನಿಂದಲೇ ಮಾಡಿಸಿದ ಮಸೂರವನ್ನು ೧೯೪೯ರ ನವೆಂಬರ್ ೨೯ರಂದು ರಿಡ್ಲಿಯವರು ೪೫ ವರ್ಷದ ಮಹಿಳೆಯೊಬ್ಬಳ ಕಣ್ಣಿನಲ್ಲಿಟ್ಟರು. ಮಸೂರದ ಬಲವು ವಿಪರೀತವಾಗಿ ಹೆಚ್ಚಿದ್ದುದರಿಂದ ಆಕೆಗೆ ದೂರದ ನೋಟ ಬಹಳ ಮಸುಕಾಯಿತು. ತತ್ತ್ವವು ಸರಿಯಾಗಿತ್ತು, ಅಳತೆ ತಪ್ಪಿತ್ತು. ೧೯೫೧ರಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ ಇದನ್ನು ಬಹಿರಂಗಪಡಿಸಿದಾಗ ಹಿರಿಯ ವೈದ್ಯರು ತೀವ್ರವಾಗಿ ವಿರೋಧಿಸಿದರು. ಕಣ್ಣಿನಿಂದ ಪರವಸ್ತುವನ್ನು ತೆಗೆಯುವುದೇ ತಮ್ಮ ಧರ್ಮ, ಒಳಗೆ ಇಡುವುದು ಅಧರ್ಮ ಎಂಬಂತಿತ್ತು ಅವರ ನಿಲುವು. ವಿರೋಧವೆಲ್ಲ ಅಸೂಯೆಯೇ ಎನ್ನಲಾಗದು. ಮೊದಲ ವರ್ಷಗಳ ಮಸೂರಗಳಲ್ಲಿ ಹಲವನ್ನು ಮತ್ತೆ ಹೊರತೆಗೆಯಬೇಕಾಯಿತು. ಅಮೇರಿಕೆಯ ಸರಕಾರ ಇವುಗಳಿಗೆ ಅನುಮತಿಯಿತ್ತುದು ೧೯೮೧ರಲ್ಲಿ. ರಿಡ್ಲಿಯವರಿಗೆ ನೈಟ್ ಪದವಿ ದೊರೆತುದು ೨೦೦೦ದಲ್ಲಿ. ಮರುವರ್ಷ ಅವರು ತೀರಿಕೊಂಡರು. ಅಷ್ಟರೊಳಗೆ ಅವರ ಎರಡು ಕಣ್ಣುಗಳಿಗೂ ಪೊರೆ ಬಂದು, ತಾವು ಕೆಲಸ ಮಾಡಿದ ಆಸ್ಪತ್ರೆಯಲ್ಲಿಯೇ ಕೃತಕ ಮಸೂರಗಳನ್ನು ಇಡಿಸಿಕೊಂಡಿದ್ದರು.

ನಮ್ಮ ಬಡವರಿಗೆ ಆ ಮಸೂರ ಎಟುಕಿದ ಕಥೆ ಬೇರೆ. ವಿದೇಶದಿಂದ ಬರುತ್ತಿದ್ದ ಮಸೂರದ ಬೆಲೆ ಕೂಲಿಕಾರನ ಅನೇಕ ತಿಂಗಳ ಗಳಿಕೆಯಷ್ಟಿತ್ತು. ಮಧುರೆಯ ಗೋವಿಂದಪ್ಪ ವೆಂಕಟಸ್ವಾಮಿಯವರು ಸರಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, ೧೯೭೬ರಲ್ಲಿ, ೧೧ ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ತೆರೆದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದುವು. ಆ ಬೆರಳುಗಳಿಗೇ ಶಸ್ತ್ರ ಹಿಡಿಯುವುದನ್ನು ಮತ್ತೆ ಕಲಿಸಿದವರು ಅವರು. ೧೯೯೨ರಲ್ಲಿ ಅವರ ಸಂಸ್ಥೆಯೇ ‘ಅರೋಲ್ಯಾಬ್’ ಎಂಬ ಕಾರ್ಖಾನೆಯನ್ನು ಸ್ಥಾಪಿಸಿ ಮಸೂರಗಳನ್ನು ತಯಾರಿಸತೊಡಗಿದ ಮೇಲೆ ಬೆಲೆ ಕೆಲವು ನೂರು ರೂಪಾಯಿಗಳಿಗೆ ಇಳಿಯಿತು. ಸೋಡಾಗ್ಲಾಸಿನ ಕನ್ನಡಕಗಳು ನಮ್ಮ ಹಳ್ಳಿಯ ಕಟ್ಟೆಗಳಿಂದ ಮರೆಯಾದುದು ಇದರ ನಂತರವೇ.

ಶಿಬಿರಗಳೂ ಬದಲಾದುವು, ಅದಕ್ಕೆ ದುಃಖದ ಕಾರಣವೊಂದಿದೆ. ೧೯೮೬ರ ಏಪ್ರಿಲಿನಲ್ಲಿ ಉತ್ತರಪ್ರದೇಶದ ಖುರ್ಜಾದ ಒಂದು ಶಿಬಿರದಲ್ಲಿ, ಕಣ್ಣಿಗೆ ಬಳಸಿದ ಲವಣಜಲವು ಸೋಂಕುಪೀಡಿತವಾಗಿದ್ದುದರಿಂದ ೮೪ ಮಂದಿಯ ಕಣ್ಣಿಗೆ ಶಾಶ್ವತ ಹಾನಿಯಾಯಿತು. ೧೯೮೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಬಗೆಗೆ ತೀರ್ಪಿತ್ತಿತು. ಈಗ ಬಹುಮಟ್ಟಿಗೆ ಊರಿನಲ್ಲಿ ತಪಾಸಣೆ ಮಾತ್ರ ನಡೆಯುತ್ತದೆ. ರೋಗಿಗಳನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ಅಲ್ಲಿಯೇ ಶಸ್ತ್ರಕ್ರಿಯೆ ಮಾಡುತ್ತಾರೆ. ಶಾಲೆಯ ಬೆಂಚುಗಳನ್ನು ಜೋಡಿಸಿ ಕಣ್ಣು ಕೊಯ್ಯುವ ಕಾಲ ಮುಗಿಯಿತು, ಮುಗಿದುದು ಒಳ್ಳೆಯದೇ.

ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ನರು ದಂತವೈದ್ಯನ ಕುರ್ಚಿಯಲ್ಲಿ ಕುಳಿತಾಗ, ಹಲ್ಲು ಉಜ್ಜುವ ಶ್ರವಣಾತೀತ ಕಂಪನದ ಉಪಕರಣವನ್ನು ಕಂಡು, ಅದೇ ತತ್ತ್ವದಿಂದ ಮಸೂರವನ್ನು ಪುಡಿಮಾಡಿ ಹೀರುವ ಯಂತ್ರವನ್ನು ೧೯೬೭ರಲ್ಲಿ ಬಳಕೆಗೆ ತಂದರು. ಇದರಿಂದ ಗಾಯ ಮೂರು ಮಿಲಿಮೀಟರಿಗೆ ಇಳಿದು, ಹೊಲಿಗೆಯ ಅಗತ್ಯವೂ ತಪ್ಪಿತು. ಕುರುಡಲ್ಲದವರು ಕನ್ನಡಕದಿಂದ ಬಿಡುಗಡೆ ಹೊಂದಲು ಮಾಡಿಸಿಕೊಳ್ಳುವ ಲೇಸರ್ ಶಸ್ತ್ರಕ್ರಿಯೆ ಬೇರೊಂದು ಶಾಖೆ. ೧೯೮೧ರಲ್ಲಿ ಅಮೇರಿಕೆಯಲ್ಲಿದ್ದ ಭಾರತೀಯ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಅವರು, ಹಬ್ಬದೂಟದಲ್ಲಿ ಉಳಿದ ಟರ್ಕಿಕೋಳಿಯ ಮಾಂಸದ ಮೇಲೆ ಎಕ್ಸೈಮರ್ ಲೇಸರನ್ನು ಹಾಯಿಸಿ, ಸುಡದೆ ಕೆತ್ತಬಲ್ಲ ಬೆಳಕನ್ನು ಕಂಡರೆಂಬುದು ಅದರ ಮೂಲಕಥೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಕಣ್ಣಪ್ಪನ ಕಥೆಯನ್ನೂ ಇಲ್ಲಿಗೆ ಎಳೆದುತರುವ ಆಸೆಯಾಗುತ್ತದೆ; ಆದರೆ ಅದು ಕಾರ್ನಿಯಾ ಕಸಿಗೂ ಕಣ್ಣುದಾನಕ್ಕೂ ಒಪ್ಪುವ ಕಥೆ, ಪೊರೆಗಲ್ಲ.

ಹೆಸರುಗಳ ವಿಷಯದಲ್ಲಿ ಒಂದು ಮಾತು ಉಳಿದಿದೆ. ಇಂದು ಮಸೂರದ ತಿರುಳನ್ನು ಮಾತ್ರ ತೆಗೆದು, ಅದರ ತೆಳು ಚೀಲವನ್ನು ಉಳಿಸಿಕೊಂಡು, ಆ ಚೀಲದೊಳಗೇ ಕೃತಕ ಮಸೂರವನ್ನಿಡುತ್ತಾರೆ. ಕೆಲವರಲ್ಲಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಆ ಚೀಲದ ಹಿಂಗೋಡೆಯೇ ಮಬ್ಬಾಗುತ್ತದೆ. ರೋಗಿಗಳು ಮತ್ತೆ ವೈದ್ಯರಲ್ಲಿಗೆ ಹೋಗಿ ‘ಪೊರೆ ತಿರುಗಿ ಬಂದಿದೆ’ ಎನ್ನುತ್ತಾರೆ. ವೈದ್ಯರು, ತೆಗೆದ ಪೊರೆ ತಿರುಗಿ ಬರುವುದಿಲ್ಲವೆಂದು ತಿದ್ದುತ್ತಾರೆ. ತಿದ್ದುವುದು ಸರಿಯೇ, ಆದರೆ ಕನ್ನಡದ ಶಬ್ದಕ್ಕೆ ನಿಜವಾಗಿ ಒಪ್ಪುವ ವಸ್ತು ಇದೇ. ಮೊದಲು ಬಂದುದು ಪೊರೆಯಾಗಿರಲಿಲ್ಲ, ಬೆಳ್ಳಗಾದ ಮಸೂರವಾಗಿತ್ತು. ಎರಡನೆಯ ಸಲ ನೋಟವನ್ನು ತಡೆದಿರುವುದು ಹಾವಿನ ಪೊರೆಯಷ್ಟು ತೆಳುವಾದ ಒಂದು ಹಾಳೆ. ಇದಕ್ಕೆ ಶಸ್ತ್ರ ಬೇಡ. ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ಬಳಕೆಗೆ ಬಂದ ಯಾಗ್ ಲೇಸರಿನ ಮುಂದೆ ರೋಗಿಯು ಗದ್ದವನ್ನೂರಿ ಕುಳಿತರೆ, ಕೆಲವೇ ನಿಮಿಷಗಳಲ್ಲಿ ಆ ಹಾಳೆಯ ನಡುವೆ ಒಂದು ಕಿಂಡಿ ತೆರೆಯುತ್ತದೆ. ಆತನು ಅದೇ ದಿನ ಮನೆಗೆ ಹೋಗುತ್ತಾನೆ.